ಮೂರು ಬೆಳಗಿನ ಮಂಗಳವಾರ

ನಮ್ಮ ಊರಿನಲ್ಲಿ ಬೆಳಗಾದ ಮಾತ್ರಕ್ಕೆ ದಿನ ಶುರುವಾಗುವುದಿಲ್ಲ. ಸೂರ್ಯ ತನ್ನ ಪಾಡಿಗೆ ತಾನು ಹುಟ್ಟುತ್ತಾನೆ, ಕೋಳಿ ಕೂಗುತ್ತದೆ, ಜನ ಎದ್ದು ಮುಖ ತೊಳೆದು ಜಗಲಿಯ ಮೇಲೆ ಕೂರುತ್ತಾರೆ. ಆದರೆ ಪುರಸಭೆಯ ಮಹಡಿಯಲ್ಲಿರುವ ಕಂಪ್ಯೂಟರು ಎದ್ದು, ತೆರೆಯ ಮೇಲೆ ತಾರೀಖು ಮೂಡಿ, ನಾನು ಎಂಟರ್ ಒತ್ತಿ, ಚಾವಣಿಯ ಸೈರನ್ನು ಕೂಗಿದ ಮೇಲೆಯೇ ಹೊಸ ದಿನ. ಅಲ್ಲಿಯವರೆಗೂ ನಿನ್ನೆಯೇ ನಡೆಯುತ್ತಿರುತ್ತದೆ. ಸೂರ್ಯನಿಗೂ ಸೈರನ್ನಿಗೂ ನಡುವಿನ ಆ ಹೊತ್ತಿಗೆ ನಾವು ನಿನ್ನೆಯ ಬಾಲ ಎನ್ನುತ್ತೇವೆ. ಬಾಲದ ಹೊತ್ತಿನಲ್ಲಿ ಕಾಫಿ ಕುಡಿಯಬಹುದು, ಪಕ್ಕದ ಮನೆಯವರೊಂದಿಗೆ ಜಗಳ ಆಡಬಹುದು, ಸಹಿ ಮಾತ್ರ ಹಾಕುವಂತಿಲ್ಲ.

ಆ ಕಂಪ್ಯೂಟರನ್ನು ಎಬ್ಬಿಸುವ ಕೆಲಸ ನನ್ನದು. ನನ್ನ ಹೆಸರು ಶಿವಲೀಲಾ. ಹುದ್ದೆ ಗುತ್ತಿಗೆ ಆಪರೇಟರು. ಊರಿಗೆಲ್ಲ ದಿನ ಕೊಡುವವಳು ನಾನೇ ಆದರೂ ನನ್ನ ಕೆಲಸ ಮಾತ್ರ ವರ್ಷ ವರ್ಷ ನವೀಕರಣವಾಗಬೇಕು. ಮೊದಮೊದಲು ಯಂತ್ರ ಬೆಳಿಗ್ಗೆ ಆರಕ್ಕೆಲ್ಲ ಏಳುತ್ತಿತ್ತು. ವರ್ಷಗಳು ಕಳೆದಂತೆ ಅದರ ಹೊಟ್ಟೆ ತುಂಬಿತು. ಊರಿನ ಎಲ್ಲ ಹಳೆಯ ದಿನಗಳೂ ಒಂದೇ ಇಕ್ಕಟ್ಟಿನ ಖಾನೆಯಲ್ಲಿ ಕೂತಿದ್ದವು. ಆ ಖಾನೆಗೆ ಪಾರ್ಟಿಷನ್ ಎನ್ನುತ್ತಾರೆ. ಏಳು ಗಂಟೆಯಾಯಿತು, ಒಂಬತ್ತಾಯಿತು, ಕೊನೆಗೆ ಹನ್ನೊಂದೂವರೆಯಾದರೂ ಸೈರನ್ನಿಲ್ಲ. ನಾನು ಬರೆದು ಬರೆದು ಕೊಟ್ಟೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸೋಮಾರಿ ಯಂತ್ರದ ದೆಸೆಯಿಂದ ನನ್ನ ಅಮ್ಮ ಜೈಲಿಗೆ ಹೋದಳು.

ಅಮ್ಮನ ಹೆಸರು ಬಸಲಿಂಗಮ್ಮ. ಮಾರುಕಟ್ಟೆಯ ಮೂಲೆಯಲ್ಲಿ ಕೂತು ಹೂವು ಕಟ್ಟಿ ಮಾರುತ್ತಾಳೆ. ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಯಾವಳೋ ಗಿರಾಕಿ, ಹೂವಿಗೆ ಕೈ ಹಾಕುತ್ತ, ಇವತ್ತು ಯಾವ ವಾರ ಎಂದು ಕೇಳಿದ್ದಾಳೆ. ಅಮ್ಮ ಸೋಮವಾರ ಎಂದಿದ್ದಾಳೆ. ಸೈರನ್ನು ಇನ್ನೂ ಆಗಿರಲಿಲ್ಲ, ಪಕ್ಕದಲ್ಲೇ ಪೇದೆ ನಿಂತಿದ್ದ. ಸರ್ಕಾರಕ್ಕಿಂತ ಮುಂಚೆ ದಿನವನ್ನು ಬಳಕೆಗೆ ಬಿಟ್ಟ ಆರೋಪ. ಮೂರು ತಿಂಗಳಿಗೊಮ್ಮೆ ಬರುವ ಮ್ಯಾಜಿಸ್ಟ್ರೇಟರು ಆ ವಾರ ಊರಿನಲ್ಲೇ ಇದ್ದರು. ಒಳ್ಳೆಯ ಮನುಷ್ಯ. "ಅದು ಭಾನುವಾರವೇ ಆಗಿತ್ತು, ತಪ್ಪಾಯ್ತು ಅಂತ ಬರ್ದು ಕೊಡಮ್ಮ, ಮನೆಗೆ ಹೋಗು," ಎಂದರು.

"ಭಾನುವಾರದ ಹೂವು ಬಾಡಿ ತಿಪ್ಪೆಗೆ ಹೋಗಿತ್ತು ಸ್ವಾಮಿ. ನನ್ ಕೈಲಿದ್ದಿದ್ದು ಸೋಮವಾರದ ಹೂವು. ಸುಳ್ಳು ಬರೆಯೋಕೆ ನಂಗೆ ಬರಲ್ಲ," ಎಂದಳು ಅಮ್ಮ.

ತೊಂಬತ್ತು ದಿನ ಬಿತ್ತು. ಬಿಡುಗಡೆಯ ಆದೇಶದಲ್ಲಿ ಬುಧವಾರ, ಹದಿನೇಳನೇ ತಾರೀಖು ಎಂದು ಟೈಪು ಮಾಡಿ ಕೊಟ್ಟರು. ಆ ಹದಿನೇಳನ್ನು ಎದುರು ನೋಡುತ್ತಲೇ ನಾನು ಮೂರು ತಿಂಗಳು ಕಳೆದೆ.

ಅಮ್ಮ ಒಳಗೆ ಹೋದ ಮೇಲೆ ನನಗೆ ಹಟ ಹಿಡಿಯಿತು. ಇನ್ನು ಯಾರ ತಾಯಿಯೂ ಹೀಗೆ ಸಿಕ್ಕಿಬೀಳಬಾರದು ಎಂದು ಕಚೇರಿಯಿಂದ ಕಚೇರಿಗೆ ಓಡಾಡಿ ಅನುಮತಿ ತಂದೆ. ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಡಿಸ್ಕಿನಲ್ಲಿ ಇನ್ನೊಂದು ವಿಶಾಲವಾದ ಪಾರ್ಟಿಷನ್ ಖಾಲಿ ಬಿದ್ದಿತ್ತು. ಇಕ್ಕಟ್ಟಿನಲ್ಲಿದ್ದ ಆಪರೇಟಿಂಗ್ ಸಿಸ್ಟಮ್ಮನ್ನು ಇದ್ದದ್ದು ಇದ್ದ ಹಾಗೆ ಅಲ್ಲಿಗೆ ನಕಲು ಮಾಡಿ, ಇನ್ನು ಮುಂದೆ ಅಲ್ಲಿಂದ ಏಳು ಎಂದು ಯಂತ್ರಕ್ಕೆ ಹೇಳಿದರೆ ಮುಗಿಯಿತು. ಅನುಮತಿ ಪತ್ರ ಬಂದದ್ದು ಹದಿನಾರನೇ ತಾರೀಖು ಮಂಗಳವಾರ, ಅಮ್ಮನ ಬಿಡುಗಡೆಯ ಹಿಂದಿನ ದಿನ. ಒಂದು ದಿನ ತಡೆಯಬಹುದಾಗಿತ್ತು. ನಾಳೆ ಬೆಳಿಗ್ಗೆ ಆರಕ್ಕೇ ಸೈರನ್ ಕೂಗಿಸಿ ಆರೂ ಕಾಲಿಗೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ ಎಂಬ ಆಸೆಗೆ ಬಿದ್ದೆ.

ನಕಲು ಎಂದ ಮೇಲೆ ನಕಲು ವಿಭಾಗದ ವಾಮನಮೂರ್ತಿಗಳು ಬರಲೇಬೇಕು. ನಮ್ಮಲ್ಲಿ ನಕಲು ಎಂದರೆ ಹುಡುಗಾಟವಲ್ಲ. ಮೂಲ ಕಾಗದದ ಮೇಲೆ ಟೀ ಚೆಲ್ಲಿದ ಕಲೆಯಿದ್ದರೆ ನಕಲಿನ ಮೇಲೂ ಅದೇ ಜಾಗಕ್ಕೆ ಅಷ್ಟೇ ಟೀ ಚೆಲ್ಲಬೇಕು. ಅದಕ್ಕೆಂದೇ ಆ ವಿಭಾಗದಲ್ಲಿ ಒಂದು ಫ್ಲಾಸ್ಕು ಇದೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ತಾವು ದೃಢೀಕರಿಸಿದ ನಕಲು ಮೂಲಕ್ಕಿಂತ ಒಂದು ಚುಕ್ಕೆಯಷ್ಟೂ ಬೇರೆಯಾಗಿಲ್ಲ ಎನ್ನುವುದು ವಾಮನಮೂರ್ತಿಗಳ ಹೆಮ್ಮೆ. ಮರದ ಸ್ಕೇಲು ಹಿಡಿದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಆರು ಗಂಟೆ ಹಿಡಿಯಿತು ನಕಲು ಮುಗಿಯುವುದಕ್ಕೆ. ಆಮೇಲೆ ನಾನು ಹೇಳಿದೆ, "ಸಾರ್, ಪ್ರತಿ ಪಾರ್ಟಿಷನ್‌ಗೂ ಮೂವತ್ತಾರು ಅಕ್ಷರದ ಒಂದು ಗುರುತಿನ ನಂಬರಿರುತ್ತೆ. ಹೊಸದಕ್ಕೂ ಹಳೇ ನಂಬರೇ ಬಂದಿದೆ. ಅದನ್ನ ಬದಲಾಯಿಸಿಬಿಡ್ತೀನಿ."

"ಬದಲಾಯಿಸ್ತೀಯಾ?" ಎಂದರು ಅವರು, ಅವರ ಜೇಬಿಗೆ ನಾನು ಕೈ ಹಾಕಿದ ಹಾಗೆ. "ನಂಬರು ಬೇರೆ ಆದ್ಮೇಲೆ ಅದು ನಕಲು ಹೆಂಗಾಗುತ್ತಮ್ಮ?"

"ಎರಡಕ್ಕೂ ಒಂದೇ ನಂಬರಿದ್ರೆ ಯಂತ್ರ ಗಲಿಬಿಲಿ ಆಗುತ್ತೆ ಸಾರ್."

"ಯಂತ್ರ ಗಲಿಬಿಲಿಯಾದ್ರೆ ರಿಪೇರಿ ಮಾಡಬಹುದು. ದಾಖಲೆ ಗಲಿಬಿಲಿಯಾದ್ರೆ ಯಾರು ರಿಪೇರಿ ಮಾಡ್ತಾರೆ?"

ಮೂವತ್ತಾರು ಅಕ್ಷರಗಳನ್ನೂ ಸ್ಕೇಲಿಟ್ಟು ಎರಡು ಸಲ ಓದಿದರು. ಮೂಲದೊಂದಿಗೆ ಹೋಲಿಸಿ ನೋಡಿದೆ, ಸರಿಯಾಗಿದೆ ಎಂದು ಬರೆದು ಸಹಿ ಹಾಕಿ, ಆ ಚೀಟಿಯನ್ನು ಕಂಪ್ಯೂಟರಿನ ನೆತ್ತಿಗೆ ಅಂಟಿಸಿ ಮೊಹರು ಒತ್ತಿದರು. ಅವರಿಗೆ ಮಂಗಳವಾರ ಒಪ್ಪತ್ತು. ದಿನಕ್ಕೆ ಒಂದೇ ಊಟ. ಆ ಊಟಕ್ಕೆ ಹೊತ್ತಾಯಿತೆಂದು ಅವಸರವಾಗಿ ಹೋದರು. ನಾನೂ ವಾದ ಬೆಳೆಸಲಿಲ್ಲ. ನಾಳೆ ಅಮ್ಮ ಬರುತ್ತಾಳೆಂಬ ಗುಂಗಿನಲ್ಲಿ ಯಂತ್ರ ಆರಿಸಿ ಮನೆಗೆ ಹೋಗಿ ಅಕ್ಕಿ ಆರಿಸಿದೆ.

ಬೆಳಿಗ್ಗೆ ಆರಕ್ಕೆ ಗುಂಡಿ ಒತ್ತಿದೆ. ತೆರೆ ಕಪ್ಪಗಾಗಿ ಒಂದೇ ಒಂದು ಸಾಲು ಬಂದು ನಿಂತಿತು. ಅದರ ಅರ್ಥ ಇಷ್ಟು: ಒಂದೇ ಗುರುತಿನ ಎರಡಿವೆ, ಯಾವುದನ್ನೂ ತೆರೆಯಲಾರೆ. ಮತ್ತೆ ಆರಿಸಿದೆ, ಮತ್ತೆ ಒತ್ತಿದೆ. ಅದೇ ಸಾಲು. ಎಂಟಾಯಿತು, ಹತ್ತಾಯಿತು, ಮಧ್ಯಾಹ್ನವಾಯಿತು. ಊರು ಎಂದಿನಂತೆ ಬಾಲದ ಹೊತ್ತಿನಲ್ಲಿ ಕಾಫಿ ಕುಡಿಯುತ್ತ ಕೂತಿತ್ತು. ಸಂಜೆಯವರೆಗೂ ಬಾಲವೇ ಆದಾಗ ಚೀಫ್ ಆಫೀಸರು ಒಂದು ಪ್ರಕಟಣೆ ಅಂಟಿಸಿದರು: ಸಾರ್ವಜನಿಕರ ಅನುಕೂಲಕ್ಕಾಗಿ ಮಂಗಳವಾರವನ್ನು ವಿಸ್ತರಿಸಲಾಗಿದೆ.

ಜನ ಬೇಗ ಹೊಂದಿಕೊಂಡರು. ಹೊಂದಿಕೊಳ್ಳುವುದರಲ್ಲಿ ನಮ್ಮ ಊರನ್ನು ಮೀರಿಸುವವರಿಲ್ಲ. ಮಂಗಳವಾರ ಕ್ಷೌರದಂಗಡಿಗೆ ರಜೆ; ಗಂಡಸರು ಗಡ್ಡ ಕೆರೆದುಕೊಳ್ಳುತ್ತ ಓಡಾಡಿದರು. ಹೊರಗಿನಿಂದ ಬಂದ ಬುಧವಾರದ ಪತ್ರಿಕೆಯ ಕಟ್ಟನ್ನು ಏಜೆಂಟ ಬಿಚ್ಚಲೇ ಇಲ್ಲ, ಅದರ ಮೇಲೆ ಕೂತುಕೊಂಡು ಮಂಗಳವಾರದ ಪತ್ರಿಕೆಯನ್ನೇ ಮತ್ತೊಮ್ಮೆ ಹಂಚಿದ. ಎರಡನೆಯ ಸಲ ಓದಿದಾಗ ಸಂಪಾದಕೀಯ ಅರ್ಥವಾಯಿತೆಂದು ಒಬ್ಬ ನಿವೃತ್ತ ಮೇಷ್ಟರು ಹೇಳಿದರು. ಮಂಗಳವಾರ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವ ಪದ್ಧತಿಯಿಲ್ಲವಾದ್ದರಿಂದ, ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ ನಮ್ಮ ಬೀದಿಯ ಅಳಿಯನೊಬ್ಬ ಅತ್ತೆಯ ಮನೆಯಲ್ಲೇ ಕಾಲು ಚಾಚಿಕೊಂಡ. ಅತ್ತೆ ಹೋಳಿಗೆ ತಟ್ಟಿ ತಟ್ಟಿ ಸೋತು ಎರಡು ಸಲ ನನ್ನ ಕಚೇರಿಗೆ ಬಂದು, ಯಾವಾಗಮ್ಮ ಸರಿಹೋಗುತ್ತೆ ಎಂದು ಕೇಳಿದರು. ಶಾಲೆಯಲ್ಲಿ ಮಂಗಳವಾರ ಗಣಿತ ಪರೀಕ್ಷೆಯಿತ್ತು. ಮಕ್ಕಳು ಅದೇ ಪ್ರಶ್ನೆಪತ್ರಿಕೆಗೆ ಮೂರು ಬೆಳಗೂ ಮತ್ತೆ ಉತ್ತರ ಬರೆದರು. ಕೊನೆಯ ಸಲವೂ ಇಬ್ಬರು ಫೇಲಾದರು, ಅವರಲ್ಲಿ ಒಬ್ಬ ಹೆಡ್‌ಮಾಸ್ಟರರ ಮಗ.

ನಗು ಬರುವುದು ಈಗ. ಆಗ ನನಗೆ ನಗುವ ಸ್ಥಿತಿಯಿರಲಿಲ್ಲ. ಎರಡನೆಯ ಬೆಳಗಿನ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಜೈಲಿನ ಬಾಗಿಲಿಗೆ ಹೋದೆ. ವಾರ್ಡರ್ ಪುಟ್ಟಗೌರಿ ಬಾಗಿಲ ಕಿಂಡಿಯಿಂದಲೇ ಮಾತಾಡಿದಳು.

"ಭೇಟಿ ಆಗಲ್ಲ ಲೀಲಕ್ಕ. ದಿನಕ್ಕೊಂದು ಭೇಟಿ. ಮಂಗಳವಾರದ್ದು ನೀವು ಆಗಲೇ ಮಾಡಿದೀರ."

"ಬುತ್ತಿನಾದ್ರೂ ಕೊಡು."

"ಹೊರಗಿನ ಊಟ ಕೊಡಂಗಿಲ್ಲ."

"ಒಳಗಿನ ಊಟ ಕೊಟ್ರಾ?"

ಪುಟ್ಟಗೌರಿ ಕಿಂಡಿಯಿಂದ ಮುಖ ಪಕ್ಕಕ್ಕೆ ತಿರುಗಿಸಿದಳು. "ಮಂಗಳವಾರದ ತಿಂಡಿ, ಎರಡು ಊಟ ಕೊಟ್ಟಾಗಿದೆ. ರಿಜಿಸ್ಟರಿನಲ್ಲಿ ಬರ್ದಾಗಿದೆ. ಒಂದು ತಾರೀಖಿಗೆ ಅಷ್ಟೇ. ಎಲ್ಲಾರೂ ಹಸ್ಕೊಂಡೇ ಇದಾರೆ, ನಿಮ್ಮಮ್ಮ ಒಬ್ರೇ ಅಲ್ಲ. ನೀರು ಎಷ್ಟು ಬೇಕಾದ್ರೂ ಕೊಡ್ತೀನಿ."

ಬುತ್ತಿಯ ಗಂಟು ಕೈಯಲ್ಲೇ ಇತ್ತು, ಬಿಸಿ ಇನ್ನೂ ಆರಿರಲಿಲ್ಲ. ನಾನು ಕೆಡಿಸಿಟ್ಟ ಯಂತ್ರಕ್ಕಾಗಿ ಅಮ್ಮ ನೀರು ಕುಡಿದು ಕೂತಿದ್ದಾಳೆ ಎಂದು ನೆನೆದು ಅಳು ಬಂತು.

"ಬೇಗ ದಿನ ಬಿಡಿ ಲೀಲಕ್ಕ," ಎಂದಳು ಪುಟ್ಟಗೌರಿ ಮೆಲ್ಲಗೆ. "ಆದ್ರೆ ಹದಿನೇಳನ್ನ ಮಾತ್ರ ತಪ್ಪಿಸಬೇಡಿ. ನಮ್ಮ ಅಡುಗೆ ಚೆನ್ನಪ್ಪ ಗೊತ್ತಲ್ಲ? ಅವನೂ ಕೈದಿನೇ. ನಿಮಗಿಂತ ಮುಂಚೆ ಇದ್ದ ಆಪರೇಟರ್ ಕಾಲದಲ್ಲಿ ಯಂತ್ರ ಒಂದು ತಾರೀಖು ಹಾರಿಸಿಬಿಡ್ತು. ಅವನ ಬಿಡುಗಡೆ ಇದ್ದಿದ್ದು ಅವತ್ತೇ. ಹೋದ ತಾರೀಖು ಮತ್ತೆ ಬರುತ್ತಾ? ಒಂಬತ್ತು ವರ್ಷ ಆಯ್ತು, ಒಳಗೇ ಇದಾನೆ. ಸಾರು ಚೆನ್ನಾಗಿ ಮಾಡ್ತಾನೆ ಅಂತ ಸಾಹೇಬ್ರೂ ಸುಮ್ಮನಿದಾರೆ."

ಓಡುತ್ತ ಕಚೇರಿಗೆ ಬಂದೆ. ವಾಮನಮೂರ್ತಿಗಳು ಸ್ಕೇಲು ಹಿಡಿದು ಅದೇ ಕುರ್ಚಿಯಲ್ಲಿ ಕೂತಿದ್ದರು. ತಮ್ಮ ಸಹಿಯಿರುವ ಯಂತ್ರವನ್ನು ಒಬ್ಬಳ ಕೈಗೆ ಬಿಟ್ಟು ಹೋಗುವವರಲ್ಲ. ನನ್ನ ಹತ್ತಿರ ಒಂದು ಪೆನ್ ಡ್ರೈವ್ ಇತ್ತು. ಅದರೊಳಗೆ ಒಂದು ಪುಟ್ಟ ಸಿಸ್ಟಮ್ ಇರುತ್ತದೆ. ಕೆಟ್ಟ ಯಂತ್ರವನ್ನು ಅದರಿಂದ ಎಬ್ಬಿಸಿ ಒಳಗೆ ಹೊಕ್ಕು ರಿಪೇರಿ ಮಾಡಬಹುದು. ಪೆನ್ ಡ್ರೈವಿನ ದಿನ ಊರಿನ ದಿನವಲ್ಲ ಎಂದು ಅವರು ಎಚ್ಚರಿಸಿದರು. ದಿನ ಬಿಡುವುದಿಲ್ಲ, ಬರೀ ಒಳಗೆ ನೋಡುತ್ತೇನೆ ಎಂದು ಒಪ್ಪಿಸಿದೆ.

ಒಳಗೆ ಹೋದರೆ ಎರಡು ಪಾರ್ಟಿಷನ್, ಎರಡರಲ್ಲೂ ಅದೇ ಕಡತ, ಅದೇ ಹೆಸರು, ಅದೇ ತಾರೀಖು. ಯಂತ್ರ ಏಳುವಾಗ ಎಲ್ಲಿಂದ ಏಳಬೇಕೆಂದು ಹೇಳುವ ಬೂಟ್‌ಲೋಡರನ್ನು ಸರಿಪಡಿಸಿದೆ, ಯಾವ ಖಾನೆ ಎಲ್ಲಿ ಕೂರಬೇಕೆಂಬ ಪಟ್ಟಿಯನ್ನು ತಿದ್ದಿದೆ, ಎರಡು ಗಂಟೆ ಬೆವರು ಸುರಿಸಿದೆ. ಕೊನೆಗೆ ನೋಡಿದರೆ ಅಷ್ಟು ಹೊತ್ತೂ ನಾನು ತಿದ್ದುತ್ತಿದ್ದದ್ದು ಹಳೆಯದರೊಳಗೆ. ಹೊಸದಕ್ಕೆ ನನ್ನ ಕೈ ಸೋಕಿಯೇ ಇರಲಿಲ್ಲ. ತಿದ್ದಿದ್ದನ್ನೆಲ್ಲ ಮೊದಲಿನಂತೆ ಮಾಡಿ, ಮತ್ತೆ ಹೀಗಾಗಬಾರದೆಂದು ಹಳೆಯ ಪಾರ್ಟಿಷನ್ನಿನಲ್ಲಿ ಒಂದು ಖಾಲಿ ಕಡತ ಮಾಡಿ ಅದಕ್ಕೆ "ಇದು ಹಳೆಯದು" ಎಂದು ಹೆಸರಿಟ್ಟೆ.

ವಾಮನಮೂರ್ತಿಗಳು ಕನ್ನಡಕ ಏರಿಸಿದರು. "ಇದು ನಕಲಿನಲ್ಲಿ ಇದೆಯಾ?"

"ಇಲ್ಲ ಸಾರ್. ಹಳೆಯದು ಯಾವುದು ಅಂತ ಗೊತ್ತಾಗಲಿ ಅಂತ…"

"ಮೂಲದಲ್ಲಿ ಇದ್ದು ನಕಲಿನಲ್ಲಿ ಇಲ್ಲ ಅಂದ್ರೆ ನನ್ನ ಸಹಿಗೆ ಏನು ಬೆಲೆ? ಅಲ್ಲೂ ಹಾಕು."

ಅಲ್ಲೂ ಹಾಕಿಸಿದರು. ಈಗ ಎರಡು ಪಾರ್ಟಿಷನ್ನುಗಳೂ "ಇದು ಹಳೆಯದು" ಎನ್ನುತ್ತಿದ್ದವು. ಅವರು ಸ್ಕೇಲಿಟ್ಟು ಹೋಲಿಸಿ ನೋಡಿ, ಸರಿಯಾಗಿದೆ ಎಂದರು.

ನಾನು ಕೈ ಮುಗಿದೆ. "ಸಾರ್, ಒಂದೋ ಹಳೆಯದನ್ನ ಅಳಿಸ್ತೀನಿ, ಇಲ್ಲ ಹೊಸದನ್ನ ಅಳಿಸ್ತೀನಿ. ಒಂದೇ ಉಳಿದ್ರೆ ಯಂತ್ರ ಏಳುತ್ತೆ."

"ಮೂಲ ನಾಶಪಡಿಸೋಕೆ ಮೂವತ್ತು ದಿನದ ನೋಟೀಸು ಬೇಕು."

"ಒಂದು ದಿನಾನೇ ಹುಟ್ತಿಲ್ಲ ಸಾರ್, ಮೂವತ್ತು ಎಲ್ಲಿಂದ ತರಲಿ? ಹೋಗಲಿ, ನಕಲನ್ನ ಅಳಿಸ್ಲಾ?"

"ದೃಢೀಕರಿಸಿದ ನಕಲು!" ಎಂದರು, ಮುಖ ಕೆಂಪಗೆ ಮಾಡಿಕೊಂಡು. "ಅದನ್ನ ಅಳಿಸೋದೂ ಒಂದೇ, ನನ್ನನ್ನ ಅಳಿಸೋದೂ ಒಂದೇ."

ನನಗೆ ಆ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಆ ಸ್ಕೇಲು ಕಿತ್ತುಕೊಂಡು ಮುರಿಯಬೇಕೆನ್ನಿಸಿತು. ಎರಡನೆಯ ಬೆಳಗೂ ಹಾಗೆಯೇ ಮುಳುಗಿತು.

ಮೂರನೆಯ ಬೆಳಗೂ ಮಂಗಳವಾರವೇ. ಕಚೇರಿಗೆ ಬರುವ ದಾರಿಯಲ್ಲಿ ಜೈಲಿನ ಕಿಂಡಿ ತಟ್ಟಿದೆ. ಅಮ್ಮ ಗೋಡೆಗೊರಗಿ ಕೂತಿದ್ದಾಳೆ, ಮಾತು ಕಡಿಮೆಯಾಗಿದೆ ಎಂದಳು ಪುಟ್ಟಗೌರಿ. ಆಮೇಲೆ ಅತ್ತ ಇತ್ತ ನೋಡಿ, "ನೀರಿಗೆ ಒಂಚೂರು ಮಜ್ಜಿಗೆ ಬೆರೆಸಿ ಕೊಟ್ಟೆ. ನೀರು ಅಂತಲೇ ಬರ್ದಿದೀನಿ," ಎಂದಳು. ನನಗೆ ಆ ಕಿಂಡಿಯೊಳಗೆ ಕೈ ತೂರಿಸಿ ಅವಳ ಕೈ ಹಿಡಿದುಕೊಳ್ಳಬೇಕೆನ್ನಿಸಿತು.

ಮಹಡಿ ಹತ್ತಿ ಬಂದರೆ ವಾಮನಮೂರ್ತಿಗಳು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದರು. ಕೆನ್ನೆ ಒಳಗೆ ಹೋಗಿತ್ತು. ಮಂಗಳವಾರದ ಒಪ್ಪತ್ತಿನ ಆ ಒಂದೇ ಊಟವನ್ನು ಅವರು ನಕಲು ಮುಗಿದ ದಿನವೇ ಉಂಡು ಮುಗಿಸಿದ್ದರು. ಆಮೇಲೆ ಬಂದದ್ದೆಲ್ಲ ಅದೇ ಮಂಗಳವಾರ. ಇನ್ನೊಂದು ಊಟಕ್ಕೆ ಅವಕಾಶವಿಲ್ಲ. ನಲವತ್ತು ವರ್ಷದಿಂದ ನಡೆಸಿಕೊಂಡು ಬಂದ ವ್ರತ. ಕಿಟಕಿಯ ಕೆಳಗೆ ಹೋಟೆಲಿನವನು ಉದ್ದಿನ ವಡೆ ಕರಿಯುತ್ತಿದ್ದ; ಆ ವಾಸನೆ ಮಹಡಿಗೆ ಬಂದಾಗಲೆಲ್ಲ ಅವರ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಸಿಟ್ಟಿದ್ದರೂ ನನಗೆ ಪಾಪ ಅನ್ನಿಸಿತು. ಜೈಲಿನ ಹೊರಗೆ ಈ ಊರಿನಲ್ಲಿ ಅಮ್ಮನಷ್ಟೇ ಹಸಿದವರು ಇವರೊಬ್ಬರೇ.

"ಸಾರ್, ನನ್ನ ಅಮ್ಮ ಒಳಗೆ ಊಟ ಇಲ್ಲದೆ ಕೂತಿದಾಳೆ. ನೀವು ಇಲ್ಲಿ ಕೂತಿದೀರ. ಇನ್ನೂ ನಾಲ್ಕು ಬೆಳಗು ಹೀಗೇ ಆದ್ರೆ ಇಬ್ಬರೂ ಉಳಿಯಲ್ಲ."

"ನಾನೇನು ಬೇಕೂ ಅಂತ ಮಾಡ್ತಿದೀನಾ ಲೀಲಾ?" ಎಂದರು. ದನಿ ಬಾವಿಯಿಂದ ಬಂದ ಹಾಗಿತ್ತು. "ರೂಲ್ಸಿನ ಪುಸ್ತಕ ರಾತ್ರಿ ಎಲ್ಲಾ ತಿರುವಿ ಹಾಕಿದೆ. ಥೇಟ್ ಒಂದೇ ಥರ ಇರೋ ಎರಡು ವಸ್ತುಗಳಿಗೆ ಬೇರೆ ಬೇರೆ ನಂಬರು ಕೊಡಬಹುದು ಅಂತ ಎಲ್ಲೂ ಇಲ್ಲ."

ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಅವಳಿ ಮಕ್ಕಳು ಹುಟ್ಟಿದ್ರೆ ಏನ್ ಮಾಡ್ತೀರ? ಮುಖ ಒಂದೇ ಇದೆ ಅಂತ ಇಬ್ಬರಿಗೂ ಒಂದೇ ನಂಬರು ಕೊಡ್ತೀರಾ?"

ವಾಮನಮೂರ್ತಿಗಳು ಮೇಜಿನಿಂದ ತಲೆ ಎತ್ತಿದರು. ಕೆಳಗೆ ಇನ್ನೊಂದು ಸುತ್ತು ವಡೆ ಎಣ್ಣೆಗೆ ಬಿತ್ತು. ಎದ್ದು, ಗೋಡೆ ಹಿಡಿದುಕೊಂಡು, ಪಕ್ಕದ ಕೋಣೆಗೆ ಹೋಗಿ ಜನನ ಪತ್ರದ ಫಾರಂ ತಂದರು.

"ಅವಳಿ ಅಂದ್ರೆ ನಕಲಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. "ಎರಡೂ ಮೂಲವೇ. ಒಂದರ ಹಿಂದೆ ಒಂದು ಬಂದಿದ್ದು. ನಂಬರು ಬೇರೆ ಇರಲೇಬೇಕು, ಇಲ್ಲದಿದ್ರೆ ಅದೇ ತಪ್ಪು." ಪೆನ್ನು ತೆಗೆದರು. "ಮಗುವಿನ ಲಿಂಗ?"

"ಸಾರ್, ಅದು ಪಾರ್ಟಿಷನ್ನು."

"ಅನ್ವಯಿಸುವುದಿಲ್ಲ ಅಂತ ಹಾಕ್ತೀನಿ. ಹುಟ್ಟಿದ ತಾರೀಖು ಮಂಗಳವಾರ, ಹದಿನಾರು. ಅದು ಸರಿಯಾಗಿದೆ. ತೂಕ?"

"ಐನೂರು ಜಿ.ಬಿ."

"ಆರೋಗ್ಯವಾಗಿದೆ. ತಂದೆ, ಪುರಸಭೆ. ತಾಯಿ?" ಎಂದು ಪೆನ್ನು ನಿಲ್ಲಿಸಿ ನನ್ನತ್ತ ನೋಡಿದರು.

"ನನ್ನ ಹೆಸರೇ ಬರೀರಿ ಸಾರ್. ಹೆತ್ತಿದ್ದು ನಾನೇ ತಾನೆ."

ಬರೆದರು. ನನಗೆ ಮದುವೆಯಾಗಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಸಿವಿನಲ್ಲಿ ಅದನ್ನು ಕೇಳಲಿಲ್ಲ. ಯಂತ್ರದ ನೆತ್ತಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು ಜನನ ಪತ್ರವನ್ನು ಅಂಟಿಸಿದರು. ಮೂವತ್ತೊಂದು ವರ್ಷದಲ್ಲಿ ಅವರು ತಮ್ಮ ಸಹಿಯನ್ನು ತಾವೇ ಕಿತ್ತದ್ದು ಅದೇ ಮೊದಲು.

ಆಮೇಲಿನ ಕೆಲಸ ಅರ್ಧ ಗಂಟೆಯದು. ಹೊಸ ಪಾರ್ಟಿಷನ್‌ಗೆ ಹೊಸ ಮೂವತ್ತಾರು ಅಕ್ಷರದ ನಂಬರು ಕೊಟ್ಟೆ. ಅದರೊಳಗಿನ ಪಟ್ಟಿಯಲ್ಲಿದ್ದ ಹಳೆಯ ನಂಬರನ್ನು ಅಳಿಸಿ ಹೊಸದನ್ನು ಬರೆದೆ. ಈ ಸಲ ಎರಡೆರಡು ಬಾರಿ ನೋಡಿಕೊಂಡೆ, ಕೈ ಇಟ್ಟಿರುವುದು ಹೊಸದರ ಮೇಲೇ ಎಂದು. ಬೂಟ್‌ಲೋಡರನ್ನು ಮತ್ತೆ ಕೂರಿಸಿ, ಇನ್ನು ಮೇಲೆ ಈ ಮಗುವಿನ ಮನೆಗೆ ಹೋಗು ಎಂದು ಹೊಸ ನಂಬರು ತೋರಿಸಿದೆ. ಪೆನ್ ಡ್ರೈವ್ ಕಿತ್ತು, ಯಂತ್ರ ಆರಿಸಿ, ಮನಸ್ಸಿನಲ್ಲೇ ಅಮ್ಮನನ್ನು ನೆನೆದು ಗುಂಡಿ ಒತ್ತಿದೆ.

ತೆರೆ ಕಪ್ಪಾಯಿತು. ಆ ಸಾಲು ಬರಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಓಡಿದವು. ಎಷ್ಟೋ ವರ್ಷಗಳಿಂದ ತೆವಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಎದ್ದು ಕೂತಿತು. ವಾಮನಮೂರ್ತಿಗಳು ಮಗುವಿನಂತೆ ಚಪ್ಪಾಳೆ ತಟ್ಟಿದರು. ತೆರೆಯ ನಡುವೆ ದೊಡ್ಡ ಅಕ್ಷರದಲ್ಲಿ ತಾರೀಖು ಮೂಡಿತು, ಎಂಟರ್ ಒತ್ತಲು ಕಾಯುತ್ತಿತ್ತು.

ಶುಕ್ರವಾರ, ಹತ್ತೊಂಬತ್ತು.

ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ ಒಂದು ಬ್ಯಾಟರಿ ಇರುತ್ತದೆ. ಯಂತ್ರ ಆರಿದ್ದರೂ, ಊರು ನಿಂತಿದ್ದರೂ, ಅದು ಒಳಗೊಳಗೇ ಬೆಳಗು ಎಣಿಸುತ್ತಿರುತ್ತದೆ. ಇಡೀ ಊರಿನಲ್ಲಿ ನಿಜವಾದ ದಿನ ತಿಳಿದಿದ್ದದ್ದು ಅದೊಂದಕ್ಕೇ, ಮತ್ತು ಅದು ನಿಜವನ್ನೇ ಹೇಳುತ್ತಿತ್ತು. ಎಂಟರ್ ಒತ್ತಿದರೆ ಜೈಲಿನಲ್ಲಿ ಶುಕ್ರವಾರದ ಊಟ ಬಡಿಸುತ್ತಾರೆ. ಆದರೆ ಹದಿನೇಳು ಎಂಬ ತಾರೀಖು ಹುಟ್ಟದೆಯೇ ಸತ್ತಂತಾಗುತ್ತದೆ. ಅಮ್ಮ ಚೆನ್ನಪ್ಪನ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತ ಮುದುಕಿಯಾಗುತ್ತಾಳೆ.

"ಏನದು?" ಎಂದು ವಾಮನಮೂರ್ತಿಗಳು ಬಗ್ಗಿದರು. ಓದಿದರು. ಮುಖದ ಮೇಲಿದ್ದ ಬೆಳಕೆಲ್ಲ ಆರಿತು.

ಈಗ ನಿಜ ದೃಢೀಕರಿಸುತ್ತಾರೆ, ಮುಗಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

"ಶುಕ್ರವಾರಾನಾ?" ಎಂದರು, ಅಳುವ ದನಿಯಲ್ಲಿ. "ಶುಕ್ರವಾರವೂ ನಂಗೆ ಒಪ್ಪತ್ತು ಕಣಮ್ಮ. ರಾತ್ರಿ ತನಕ ಏನೂ ತಿನ್ನಂಗಿಲ್ಲ."

ಕಣ್ಣು ತೆರೆದು ಅವರನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಕಿಟಕಿಯತ್ತ ನೋಡುತ್ತಿದ್ದರು.

"ಮಂಗಳವಾರ ಆದ್ಮೇಲೆ ಬುಧವಾರ ತಾನೇ ಬರೋದು?" ಎಂದರು. "ಯಾವ ಪುಸ್ತಕದಲ್ಲಾದ್ರೂ ಶುಕ್ರವಾರ ಅಂತ ಇದೆಯಾ? ಯಂತ್ರ ಈಗ ತಾನೇ ಹುಟ್ಟಿದ ಕೂಸು, ಅದಕ್ಕೇನು ಗೊತ್ತು? ತಿದ್ದು."

ತಿದ್ದಿದೆ. ಒಂದು ಅಂಕೆ, ಒಂದು ವಾರ. ಬುಧವಾರ, ಹದಿನೇಳು. ಅವರು ಸ್ಕೇಲಿಟ್ಟು ಓದಿ, ಸರಿಯಾಗಿದೆ ಎಂದರು. ಎಂಟರ್ ಒತ್ತಿದೆ. ಸೈರನ್ನು ಕೂಗಿತು. ಕೆಳಗೆ ಬೀದಿಯಲ್ಲಿ ಜನ ಹೋ ಎಂದರು, ಕ್ಷೌರದಂಗಡಿಯ ಬಾಗಿಲು ದಡಾರನೆ ತೆರೆಯಿತು, ಯಾರ ಮನೆಯಲ್ಲೋ ಅತ್ತೆಯೊಬ್ಬರು ಅಳಿಯನ ಪೆಟ್ಟಿಗೆಯನ್ನು ತಾವೇ ಹೊತ್ತು ಅಂಗಳಕ್ಕೆ ತಂದಿಟ್ಟರಂತೆ. ವಾಮನಮೂರ್ತಿಗಳು ಮೆಟ್ಟಿಲಿಳಿದು ಓಡಿದ ಸದ್ದು ಕೇಳಿಸಿತು. ಮೂರು ಸಲ ಬೆಳಗಾದದ್ದನ್ನು ಊರಿಗೆ ಊರೇ ಕಣ್ಣಾರೆ ಕಂಡಿತ್ತು. ಒಬ್ಬರಾದರೂ ಬೆರಳು ಮಡಿಸಿ ಎಣಿಸಲಿಲ್ಲ. ಬುಧವಾರ ಎಂದರೆ ಬುಧವಾರ.

ನಾನು ಜೈಲಿಗೆ ಓಡಿದೆ. ಪುಟ್ಟಗೌರಿ ಈ ಸಲ ಕಿಂಡಿಯಲ್ಲ, ಬಾಗಿಲನ್ನೇ ತೆರೆದಳು. ಅಮ್ಮನನ್ನು ತೋಳು ಹಿಡಿದು ಕರೆತಂದು ಮೇಜಿನ ಮುಂದೆ ನಿಲ್ಲಿಸಿದರು. ಸೀರೆ ಸಡಿಲವಾಗಿತ್ತು, ತುಟಿ ಒಡೆದಿತ್ತು, ಕಣ್ಣು ಮಾತ್ರ ಮೊದಲಿನಂತೆಯೇ ನೆಟ್ಟಗೆ ನೋಡುತ್ತಿತ್ತು. ಅಮ್ಮಾ ಎಂದು ತಬ್ಬಿಕೊಳ್ಳಲು ಹೋದೆ. ಸಹಿಯಾದ ಮೇಲೆ ಎಂದು ಪುಟ್ಟಗೌರಿ ತಡೆದಳು. ಬಿಡುಗಡೆಯ ರಿಜಿಸ್ಟರು ಬಿಚ್ಚಿ ಪೆನ್ನು ಕೊಟ್ಟಳು.

"ತಾರೀಖು ನಿಮ್ಮ ಕೈಯಾರೆ ಬರೀಬೇಕಮ್ಮ. ಆಮೇಲೆ ಸೈನು."

ಅಮ್ಮ ಪೆನ್ನು ಹಿಡಿದು ನಿಂತಳು. ಬರೆಯಲಿಲ್ಲ. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಈ ಹೆಂಗಸು ಮ್ಯಾಜಿಸ್ಟ್ರೇಟರ ಎದುರು ಒಂದು ಸಾಲು ಬರೆದುಕೊಡಲಾರದೆ ತೊಂಬತ್ತು ದಿನ ಕಳೆದವಳು. ಈಗ ಶುಕ್ರವಾರ ಎಂದು ಬರೆದರೆ ಬಾಗಿಲು ಮತ್ತೆ ಮುಚ್ಚುತ್ತದೆ, ತಾರೀಖು ತಿದ್ದಿದವಳು ಯಾರೆಂದು ಸಂಜೆಯೊಳಗೆ ಗೊತ್ತಾಗುತ್ತದೆ.

ಅಮ್ಮ ನನ್ನತ್ತ ತಿರುಗಿದಳು. "ಲೀಲಾ, ಇವತ್ತು ಯಾವ ದಿನ?"

ಚಿಕ್ಕವಳಿದ್ದಾಗಿನಿಂದ ನಾನು ಅವಳಿಗೆ ಸುಳ್ಳು ಹೇಳಿದರೆ ಅವಳು ಅದನ್ನು ನನ್ನ ಮುಖದಲ್ಲೇ ಓದುತ್ತಿದ್ದಳು. ತಲೆ ತಗ್ಗಿಸಬಾರದೆಂದು ಎಷ್ಟು ಗಟ್ಟಿ ಮಾಡಿಕೊಂಡರೂ ತಗ್ಗಿಹೋಯಿತು. "ಬುಧವಾರ ಅಮ್ಮ. ಹದಿನೇಳು," ಎಂದೆ.

ಅವಳು ನನ್ನ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟಳು. ಆಮೇಲೆ ಬಗ್ಗಿ, ಒಂದೊಂದೇ ಅಕ್ಷರವನ್ನು ನಿಧಾನವಾಗಿ ಬರೆದಳು. ಬುಧವಾರ. ಪುಟ್ಟಗೌರಿ ಮಸಿ ಆರಲೆಂದು ಊದಿದಳು.

ಅಮ್ಮನನ್ನು ಮನೆಗೆ ಕರೆತಂದೆ. ತಟ್ಟೆ ಹಾಕಿ ಬಿಸಿ ಅನ್ನ, ತೊಗರಿಬೇಳೆ ಸಾರು ಬಡಿಸಿದೆ. ಅವಳು ತಲೆ ಎತ್ತದೆ ಉಂಡಳು. ಅವಳನ್ನು ಬಿಡಿಸಿಕೊಂಡು ಬಂದ ಸಂತೋಷ ನನ್ನಲ್ಲಿ ಇರಬೇಕಿತ್ತು. ಇತ್ತು ಕೂಡ. ಅದರ ಜೊತೆಗೆ, ಯಾರ ಕೈಯಲ್ಲೂ ಬರೆಸಲಾಗದ್ದನ್ನು ನಾನು ಅವಳ ಕೈಯಲ್ಲಿ ಬರೆಸಿದೆ ಎಂಬ ನಾಚಿಕೆಯೂ ಇತ್ತು.

"ಮೂರು ಬೆಳಗು ಎಣಿಸಿದೀನಿ ಕಣೇ," ಎಂದಳು ಅಮ್ಮ, ಅನ್ನ ಕಲಸುತ್ತಲೇ.

"ಗೊತ್ತಮ್ಮ."

"ನಿಂಗೆ ಗೊತ್ತಿದ್ರೆ ಸಾಕು," ಎಂದು ತಟ್ಟೆ ಮುಂದೆ ಚಾಚಿದಳು. "ಇನ್ನೊಂದು ಸೌಟು ಹಾಕು."